ಹೀಚಿಗೆ ಬೆರಳು ತೋರಿಸಿದರೆ ಏನಾಗುತ್ತೆ? ಗಿಡಗಳ ಸಂತಾನೋತ್ಪತ್ತಿ ಪಾಠ ಮಾಡುವ ಬಗೆ

ಮೊದಲ ವರ್ಷ ಈ ಪಾಠ ಮಾಡುವಾಗ ನಾನೂ ಎಲ್ಲರಂತೆ ದಾಸವಾಳ ಹಿಡಿದುಕೊಂಡೇ ಏಳನೇ ಕ್ಲಾಸಿಗೆ ಹೋಗಿದ್ದೆ. ಹೂ ದೊಡ್ಡದು, ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ, ಕಾಂಪೌಂಡಿನ ಪಕ್ಕದಲ್ಲೇ ಸಿಗುತ್ತದೆ. ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಲ್ಲ ತೋರಿಸಿದೆ. ಬೋರ್ಡ್ ತುಂಬ ಚಿತ್ರ ಬರೆದೆ. ಕೊನೆಗೆ, ಅಂಡಾಶಯವೇ ಬೆಳೆದು ಕಾಯಿ ಆಗುತ್ತೆ ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಹಂಗಾದ್ರೆ ದಾಸವಾಳದ ಕಾಯಿ ಎಲ್ಲಿ? ನಮ್ಮನೆ ಗಿಡದಾಗೆ ಒಂದಿನಾನೂ ನೋಡಿಲ್ಲ" ಅಂದಳು.

ನಾನೂ ನೋಡಿರಲಿಲ್ಲ. ನಮ್ಮ ಹಿತ್ತಲಿನ ದಾಸವಾಳಗಳು ಸಾಮಾನ್ಯವಾಗಿ ಕಾಯಿ ಕಟ್ಟುವುದೇ ಇಲ್ಲ. ಕಡ್ಡಿ ಮುರಿದು ನೆಟ್ಟೇ ಅವನ್ನು ಬೆಳೆಸುತ್ತೇವೆ. ಹೂವಿನಿಂದ ಬೀಜ ಹೇಗೆ ಬರುತ್ತೆ ಅಂತ ಹೇಳೋಕೆ ನಾನು ಆರಿಸಿಕೊಂಡದ್ದು ಬೀಜವನ್ನೇ ಕೊಡದ ಗಿಡ! ಮಕ್ಕಳ ಪಾಲಿಗೆ ಕಥೆ ಅರ್ಧಕ್ಕೇ ನಿಂತಿತ್ತು. ಅವತ್ತು ದಾಸವಾಳ ಬಿಟ್ಟವಳು ಬೆಂಡೆ ಹಿಡಿದೆ. ಮರುವರ್ಷ ಅದರ ಜೊತೆಗೆ ಸಿಹಿಗುಂಬಳ ಸೇರಿತು.

ಈ ಪಾಠದ ಸ್ವಾರಸ್ಯ ಇರುವುದೆಲ್ಲ ಹೂ ಬಾಡಿದ ಮೇಲೆ. ಅದನ್ನು ತೋರಿಸೋಕೆ ಒಂದು ಪೀರಿಯಡ್ ಸಾಲದು. ಎರಡು ತಿಂಗಳು ಬೇಕು. ಹೆದರಬೇಡಿ, ದಿನಕ್ಕೆ ಐದೇ ನಿಮಿಷ ಸಾಕು. ಆದರೆ ದಿನಾ ಬೇಕು.

ಜೂನ್‌ನಲ್ಲೇ ಬೀಜ ಹಾಕಿ

ಪುಸ್ತಕದಲ್ಲಿ ಈ ಪಾಠ ಯಾವಾಗ ಬರುತ್ತೋ ಬರಲಿ. ಶಾಲೆ ಶುರುವಾದ ವಾರದಲ್ಲೇ, ಮೊದಲ ಮಳೆ ಬಿದ್ದ ಮೇಲೆ ಬಿತ್ತಿಬಿಡಿ. ಬೆಂಡೆ ಸುಮಾರು ನಲವತ್ತು ದಿನಕ್ಕೆ ಹೂ ಬಿಡುತ್ತದೆ, ಕುಂಬಳ ಒಂದೂವರೆ ತಿಂಗಳು ತೆಗೆದುಕೊಳ್ಳುತ್ತದೆ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ನಿಮ್ಮ ಪ್ರಯೋಗಶಾಲೆ ತಯಾರು.

ಎಂಟು ಹತ್ತು ಬೆಂಡೆ ಗಿಡ, ಎರಡು ಗುಂಡಿ ಕುಂಬಳ ಸಾಕು. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಬಿಸಿಯೂಟದ ಅಡುಗೆ ಅಕ್ಕನಿಗೆ ಹೇಳಿ, ಸಾಂಬಾರಿಗೆ ಕುಂಬಳ ಹೆಚ್ಚುವಾಗ ಚೆನ್ನಾಗಿ ಬಲಿತ ಕಾಯಿಯ ಬೀಜ ಎತ್ತಿಡುತ್ತಾರೆ. ತೊಳೆದು ನೆರಳಲ್ಲಿ ಒಣಗಿಸಿದರೆ ಆಯಿತು. ಕುಂಬಳ ಬಳ್ಳಿ ಹಬ್ಬೋಕೆ ಜಾಗ ಜಾಸ್ತಿ ಬೇಕು, ಬೇಲಿ ಪಕ್ಕ ಹಾಕಿ. ಜಾಗವೇ ಇಲ್ಲದ ಪೇಟೆ ಶಾಲೆಯಾದರೆ ಹಳೇ ಪೇಂಟ್ ಬಕೆಟ್‌ಗೆ ತೂತು ಹೊಡೆದು ಬೆಂಡೆ ಬೆಳೆಸಬಹುದು. ಕುಂಬಳದ ಬದಲು ಟೆರೇಸಿನ ಮೇಲೆ ಹೀರೆ ಬಳ್ಳಿ.

ಹೀರೆಯ ಹೆಸರು ಸುಮ್ನೆ ಹೇಳಿದ್ದಲ್ಲ. ಕುಂಬಳದ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ನಾವು ಪ್ರಾರ್ಥನೆ, ಹಾಜರಿ ಮುಗಿಸಿ ಹೋಗುವಷ್ಟರಲ್ಲಿ ಮುದುಡಿಹೋಗಿರುವ ದಿನಗಳೂ ಉಂಟು, ಅದೂ ಬಿಸಿಲು ಜೋರಾಗಿದ್ದರೆ. ಹೀರೆ ಹಾಗಲ್ಲ, ಸಂಜೆ ಅರಳುತ್ತದೆ. ಶಾಲೆ ಬಿಡುವ ಹೊತ್ತಿಗೆ ಮೊಗ್ಗು ಬಿರಿಯೋಕೆ ಶುರು. ನಿಮ್ಮ ಮಕ್ಕಳು ಬೆಳಿಗ್ಗೆ ಬೇಗ ಬರೋಕೆ ಆಗದಿದ್ದರೆ ಹೀರೆಯನ್ನೇ ನೆಚ್ಚಿಕೊಳ್ಳಿ.

ಕಷ್ಟದ ಪದಗಳು ಆಮೇಲೆ

ಶಲಾಕಾಗ್ರ, ಅಂಡಕ, ಯುಗ್ಮಜ, ನಿಷೇಚನ. ಒಂದೇ ದಿನ ಇಷ್ಟನ್ನೂ ಬೋರ್ಡ್ ಮೇಲೆ ಬರೆದರೆ ಮಕ್ಕಳು ಕಾಪಿ ಮಾಡಿಕೊಳ್ಳುತ್ತಾರೆ, ಅಷ್ಟೇ. ಮೊದಲ ವಾರ ಮನೆ ಮಾತೇ ಇರಲಿ. ಹಳದಿ ಪುಡಿ, ಅಂಟಂಟು ತುದಿ, ಬುಡದ ಗಂಟು, ಹೀಚು. ಮಕ್ಕಳ ಕಣ್ಣು ಒಮ್ಮೆ ಪಳಗಿದ ಮೇಲೆ, "ಈ ಹಳದಿ ಪುಡಿಗೆ ಪುಸ್ತಕದಲ್ಲಿ ಪರಾಗ ಅಂತಾರೆ, ಈ ಅಂಟು ತುದಿಗೆ ಶಲಾಕಾಗ್ರ ಅಂತಾರೆ" ಅಂದರೆ ಪದ ಕೂತುಕೊಳ್ಳುತ್ತದೆ. ಮಲೆನಾಡು, ಕರಾವಳಿ ಕಡೆಯ ಮಕ್ಕಳಿಗೆ ಹಿಂಗಾರ ಗೊತ್ತು. ಅಡಿಕೆಯ ಹಿಂಗಾರದಲ್ಲಿ ಎಳೆಗಳ ತುದಿಯತ್ತ ಇರುವ ಸಣ್ಣ ಕಾಳಿನಂಥವು ಗಂಡು ಹೂ, ಬುಡದಲ್ಲಿರುವ ದಪ್ಪನೆಯವು ಹೆಣ್ಣು ಹೂ. ನಾಗರಪಂಚಮಿಗೆ ಅವರೇ ಕೈಯಾರೆ ಮುಟ್ಟಿರುತ್ತಾರೆ, ನೋಡಿರುವುದಿಲ್ಲ. ತಿಪಟೂರು, ಅರಸೀಕೆರೆ ಕಡೆಯಾದರೆ ತೆಂಗಿನ ಹೊಂಬಾಳೆ ಇದೆ, ಅದರ ಲೆಕ್ಕವೂ ಇದೇ.

ಇನ್ನು ಆ ನಗು. ಗಂಡು ಹೂ, ಹೆಣ್ಣು ಹೂ ಅಂದ ಕೂಡಲೇ ಕ್ಲಾಸಿನಲ್ಲಿ ಕಿಸಿಕಿಸಿ ಶುರುವಾಗುತ್ತದೆ. ಹನ್ನೆರಡು ಹದಿಮೂರರ ವಯಸ್ಸು, ಆಗದೆ ಇರುತ್ತಾ? ಗದರಿಸಬೇಡಿ. ಗದರಿಸಿದರೆ, ಇದೇನೋ ಕೇಳಬಾರದ ವಿಷಯ ಅಂತ ನೀವೇ ಹೇಳಿಕೊಟ್ಟಂತೆ. "ನಕ್ಕು ಮುಗೀತಾ? ಸರಿ, ಪರಂಗಿಯಲ್ಲಿ ಗಂಡು ಮರ ಯಾವುದು ಅಂತ ಯಾರಿಗೆ ಗೊತ್ತು?" ಅಂತ ಕೇಳಿಬಿಡಿ. ಯಾರ ಮನೆಯಲ್ಲಾದರೂ ಉದ್ದ ದಾರದಂಥ ತೊಟ್ಟಿಗೆ ಹೂಗೊಂಚಲು ಜೋತುಬಿದ್ದ, ಕಾಯಿ ಬಿಡದ ಪರಂಗಿ ಇದ್ದೇ ಇರುತ್ತದೆ, ಅಪ್ಪ ಅದನ್ನು ಕಡಿದುಹಾಕಿದ ಕಥೆಯೂ ಇರುತ್ತದೆ. ಮಾತು ತೋಟಕ್ಕೆ ಹೋಯಿತು ಅಂದರೆ ನಗು ತಾನಾಗಿ ನಿಲ್ಲುತ್ತದೆ.

ಬೆಂಡೆ ಹೂ ಬಿಡಿಸುವ ದಿನ

ಬೆಂಡೆ ದಾಸವಾಳದ ಕುಟುಂಬದ್ದೇ. ಹೂವಿನ ಅಚ್ಚು ಅದೇ: ಐದು ದಳ, ನಡುವೆ ಒಂದು ಕಂಬ, ಕಂಬದ ಸುತ್ತ ಕೇಸರಗಳು. ತೆಳು ಹಳದಿ ಬಣ್ಣ, ಒಳಗೆ ಬುಡದಲ್ಲಿ ಕಡುಗೆಂಪು. ಬೆಳಿಗ್ಗೆ ಅರಳಿ ಅವತ್ತೇ ಬಾಡುತ್ತದೆ, ಹಾಗಾಗಿ ಮೊದಲ ಪೀರಿಯಡ್ಡೇ ಹಿಡಿಯಿರಿ. ಮೂವರಿಗೆ ಒಂದು ಹೂ, ಒಂದು ಗುಂಡುಸೂಜಿ, ಕೆಳಗೆ ಹಾಸೋಕೆ ಹಳೇ ಪೇಪರು. ಬ್ಲೇಡು ನಿಮ್ಮ ಕೈಯಲ್ಲೇ ಇರಲಿ.

ಮೊದಲು ದಳ ಕಿತ್ತು ಪಕ್ಕಕ್ಕಿಡಲಿ. ನಡುವಿನ ಕಂಬವನ್ನು ಬೆರಳಿಗೆ ತಾಗಿಸಲಿ. ಹಳದಿ ಪುಡಿ ಅಂಟುತ್ತದೆ. ಬೆಂಡೆಯ ಪರಾಗ ಸಾಕಷ್ಟು ದೊಡ್ಡದು, ಬರಿಗಣ್ಣಿಗೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಒಳ್ಳೆ ಭೂತಗನ್ನಡಿಯೋ ಸೂಕ್ಷ್ಮದರ್ಶಕವೋ ಇದ್ದರೆ ಅದರ ಮೈಮೇಲಿನ ಮುಳ್ಳೂ ಕಾಣುತ್ತದೆ. ಜೇನಿನ ಕೂದಲಿಗೆ ಸಿಕ್ಕಿಕೊಳ್ಳೋಕೆ ಹೇಳಿ ಮಾಡಿಸಿದ ಹಾಗೆ.

ಆಮೇಲೆ ಗುಂಡುಸೂಜಿಯ ತುದಿಯಿಂದ ಆ ಕಂಬವನ್ನು ಮೇಲಿಂದ ಕೆಳಗೆ ನಿಧಾನವಾಗಿ ಸೀಳಬೇಕು. ಅವಸರ ಮಾಡಿದರೆ ಹರಿದುಹೋಗುತ್ತದೆ. ಕಂಬ ಒಳಗೆ ಟೊಳ್ಳು. ಅದರೊಳಗೆ ಇನ್ನೊಂದು ತೆಳ್ಳನೆ ದಾರ ಇಳಿದಿರುತ್ತದೆ, ತುದಿಯ ಕೆಂಪು ಗುಂಡುಗಳಿಂದ ಬುಡದ ಹಸಿರು ಗಂಟಿನವರೆಗೆ. "ಮಿಸ್, ಪೈಪಿನೊಳಗೆ ಪೈಪು!" ಅಂತ ಪ್ರತಿ ವರ್ಷ ಯಾರಾದರೂ ಕೂಗುತ್ತಾರೆ. ಆ ಒಳಗಿನ ದಾರವೇ ಶಲಾಕೆ. ಇದೊಂದನ್ನು ಕಂಡ ಮಗುವಿಗೆ ಮುಂದೆ ಪರಾಗನಳಿಕೆ ಅಂದರೆ ಏನು ಅಂತ ವಿವರಿಸೋದು ಸಲೀಸು.

ಕೊನೆಗೆ ಬುಡದ ಗಂಟನ್ನು ನೀವು ಅಡ್ಡಕ್ಕೆ ಕೊಯ್ದು ತೋರಿಸಿ. ಒಳಗೆ ಐದು ಕೋಣೆ, ಕೋಣೆಯಲ್ಲಿ ರಾಗಿ ಕಾಳಿಗಿಂತ ಚಿಕ್ಕ ಬಿಳಿ ಮಣಿಗಳು. ಪಕ್ಕದಲ್ಲೇ ಅಡುಗೆ ಮನೆಯಿಂದ ತಂದ ಬೆಂಡೆಕಾಯಿಯನ್ನೂ ಹಾಗೇ ಕೊಯ್ದು ಇಡಿ. ಸುಮ್ಮನಿರಿ. ಎರಡೂ ಒಂದೇ ಅನ್ನೋದನ್ನು ಅವರೇ ಹೇಳಲಿ.

ಮಾರನೇ ದಿನ ಪೇಪರಿನ ಮೇಲೆ ಒಂದು ಸಾಲು ಜೋಡಿಸಿ: ಮೊಗ್ಗು, ಅರಳಿದ ಹೂ, ಬಾಡಿದ ಹೂ ತುದಿಗೆ ಟೋಪಿಯಂತೆ ಅಂಟಿಕೊಂಡ ಹೀಚು, ಬೆರಳುದ್ದದ ಕಾಯಿ, ಬಲಿತ ಕಾಯಿ, ಒಣಗಿ ಬಿರಿದ ಕಾಯಿ. ಎಲ್ಲವೂ ಒಂದೇ ಸಾಲಿನ ಗಿಡಗಳಲ್ಲಿ ಒಟ್ಟಿಗೇ ಸಿಗುತ್ತವೆ. ಬಲಿತ ಕಾಯಿ ಬಿಡಿಸಿ ಬೀಜ ಎಣಿಸೋಕೆ ಹೇಳಿ. ಯಾರಿಗೋ 43, ಇನ್ಯಾರಿಗೋ 58. ಆಗ ಕೇಳಿ: "58 ಬೀಜ ಆಗಬೇಕಾದರೆ ಆ ಅಂಟು ತುದಿಗೆ ಕನಿಷ್ಠ ಎಷ್ಟು ಪರಾಗದ ಕಣ ಬಿದ್ದಿರಬೇಕು?" ಒಂದು ಬೀಜಕ್ಕೆ ಒಂದು ಕಣ. ಈ ಲೆಕ್ಕ ಹೊಳೆದಾಗ ಮಕ್ಕಳ ಮುಖ ನೋಡಬೇಕು.

ಇದನ್ನೇ ಇನ್ನೂ ಚೆನ್ನಾಗಿ ತೋರಿಸುವುದು ಮುಸುಕಿನ ಜೋಳ. ತೆನೆಯ ತುದಿಯ ರೇಷ್ಮೆಯಂಥ ಜುಟ್ಟು ಇದೆಯಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ನೆತ್ತಿಯ ಸೂಲಂಗಿಯಿಂದ ಗಾಳಿಗೆ ಉದುರಿದ ಪರಾಗ ಯಾವ ಎಳೆಗೆ ತಾಗಲಿಲ್ಲವೋ ಆ ಕಾಳು ಕಟ್ಟಲೇ ಇಲ್ಲ. ಹಲ್ಲುದುರಿದ ಬಾಯಿಯಂತೆ ನಡುನಡುವೆ ಖಾಲಿ ಇರುವ ತೆನೆ ಸಿಕ್ಕರೆ ಬಿಸಾಡಬೇಡಿ, ಕ್ಲಾಸಿಗೆ ತನ್ನಿ. ಎಳೆ ತೆನೆಯ ಸಿಪ್ಪೆಯನ್ನು ಮಕ್ಕಳೇ ಹುಷಾರಾಗಿ ಬಿಡಿಸಿ, ಒಂದು ಎಳೆ ಹಿಡಿದು ಅದು ಯಾವ ಕಾಳಿಗೆ ಹೋಗುತ್ತೆ ಅಂತ ಹುಡುಕಲಿ.

ಕುಂಬಳ ಬಳ್ಳಿಗೆ ಮೂರು ದಾರ

ಕುಂಬಳ ಹೂ ಬಿಡೋಕೆ ಶುರು ಮಾಡಿದ ಮೊದಲ ವಾರ ಎಲ್ಲ ಗಂಡು ಹೂವೇ. ಉದ್ದನೆ ಸಣ್ಣ ತೊಟ್ಟು, ಹೂವಿನೊಳಗೆ ಒಂದೇ ಹಳದಿ ಕಡ್ಡಿ. "ಮಿಸ್, ಹೂ ತುಂಬ ಐತೆ, ಕಾಯೇ ಇಲ್ಲ" ಅಂತ ದೂರು ಬರುತ್ತದೆ. ಕಾಯಿರಿ ಅನ್ನಿ. ಆಮೇಲೆ ಹೆಣ್ಣು ಹೂ ಬರುತ್ತದೆ, ಅರಳುವ ಮೊದಲೇ ಬುಡದಲ್ಲಿ ಗೋಲಿಯಂಥ ಹೀಚು ಹೊತ್ತುಕೊಂಡು. ಹೀಚು ಇದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು. ಮೂರನೇ ಕ್ಲಾಸಿನ ಮಗುವೂ ಗುರುತಿಸುತ್ತದೆ.

ನಮ್ಮ ಕಡೆ ಎಲ್ಲ ಅಜ್ಜಿಯರೂ ಹೇಳುವ ಮಾತೊಂದಿದೆ: "ಹೀಚಿಗೆ ಬೆರಳು ತೋರಿಸಬೇಡ, ಕೊಳೆತುಹೋಗುತ್ತೆ." ನಾನೂ ಕೇಳಿಕೊಂಡೇ ಬೆಳೆದವಳು. ತೋರಿಸಬೇಕಾದರೆ ಬೆರಳು ಮಡಚಿ ತೋರಿಸಬೇಕು. ಒಂದು ವರ್ಷ ಬಳ್ಳಿಯ ಮುಂದೆ ನಿಂತು ನಾನು ಸೀದಾ ಬೆರಳು ಚಾಚಿಬಿಟ್ಟೆ. ಮಕ್ಕಳೆಲ್ಲ "ಅಯ್ಯೋ ಮಿಸ್!" ಅಂದರು. ಮೂರು ದಿನಕ್ಕೆ ಆ ಹೀಚು ಹಳದಿಯಾಗಿ ಉದುರಿತು! ಅಪವಾದ ಪೂರ್ತಿ ನನ್ನ ಮೇಲೆ. ಆವಾಗ ಮಾಡಿದ ಪ್ರಯೋಗ ಇದು. ಈಗ ಪ್ರತಿ ವರ್ಷ ಮಾಡುತ್ತೇನೆ.

ಬೇಕಾದದ್ದು ಕೆಂಪು, ಬಿಳಿ, ಹಸಿರು ಉಲ್ಲನ್ ದಾರ, ಹಳೇ ಸೊಳ್ಳೆಪರದೆಯ ತುಂಡು ಅಥವಾ ಪೇಪರ್ ಕವರ್. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಮೊದಲ ಸಲ ನಾನು ಅದನ್ನೇ ಕಟ್ಟಿ, ಒಳಗೆ ಬೆವರಿ ಹೂ ಕೊಳೆತುಹೋಯಿತು. ಬೆರಳಿನ ಅಪವಾದದ ಮೇಲೆ ಇದೊಂದು.

ಹಿಂದಿನ ದಿನ ಸಂಜೆ ಬಳ್ಳಿ ಹತ್ತಿರ ಹೋಗಿ. ನಾಳೆ ಅರಳುವ ಮೊಗ್ಗು ಉಬ್ಬಿರುತ್ತದೆ, ತುದಿ ಹಸಿರು ಬಿಟ್ಟು ಹಳದಿಗೆ ತಿರುಗಿರುತ್ತದೆ. ಅಂಥ ಎರಡು ಹೆಣ್ಣು ಮೊಗ್ಗಿಗೆ ಪರದೆ ಕಟ್ಟಿ, ಎರಡು ಗಂಡು ಮೊಗ್ಗಿಗೂ ಕಟ್ಟಿ. ಗಂಡು ಹೂವಿಗೆ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಕಟ್ಟದಿದ್ದರೆ ಬೆಳಗಾಗುವಷ್ಟರಲ್ಲಿ ಜೇನು ಬಂದು ಪರಾಗ ಖಾಲಿ ಮಾಡಿರುತ್ತದೆ. ಮೂರನೇ ಹೆಣ್ಣು ಮೊಗ್ಗಿಗೆ ಹಸಿರು ದಾರ ಮಾತ್ರ ಕಟ್ಟಿ, ತೆರೆದೇ ಬಿಡಿ. ಅದಕ್ಕೆ ಜೇನೇ ಪರಾಗ ತರಲಿ, ಕೆಂಪು ದಾರದ್ದರ ಜೊತೆ ಹೋಲಿಸಿ ನೋಡೋಕೆ. ಒಂದೇ ದಿನ ಮೂರು ಹೆಣ್ಣು ಹೂ ಸಿಗದಿದ್ದರೆ ವಾರದಲ್ಲಿ ಒಂದೊಂದಾಗಿ ಮಾಡಿ, ತಾರೀಖು ಬರೆದಿಡಿ.

ಮರುದಿನ ಬೆಳಿಗ್ಗೆ, ಆದಷ್ಟು ಬೇಗ, ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು ದಳ ಹರಿದುಹಾಕಿ. ಕೈಯಲ್ಲಿ ಬ್ರಷ್ಷಿನಂಥ ಹಳದಿ ಕಡ್ಡಿ ಉಳಿಯುತ್ತದೆ. ಒಂದು ಹೆಣ್ಣು ಹೂವಿನ ಪರದೆ ತೆಗೆದು, ಒಳಗಿನ ಅಂಟು ತುದಿಗೆಲ್ಲ ಅದನ್ನು ಮೆಲ್ಲಗೆ ಸವರಿ. ಎಲ್ಲ ಕಡೆ ತಾಗಬೇಕು. ಒಂದೇ ಪಕ್ಕಕ್ಕೆ ಬಿದ್ದರೆ ಕಾಯಿ ಸೊಟ್ಟ ಬರುತ್ತದೆ. ಮತ್ತೆ ಪರದೆ ಕಟ್ಟಿ, ಕೆಂಪು ದಾರ ಹಾಕಿ. ಇನ್ನೊಂದು ಹೆಣ್ಣು ಹೂವನ್ನು ಬಿಚ್ಚಲೇಬೇಡಿ. ಅದಕ್ಕೆ ಬಿಳಿ ದಾರ. ಸಂಜೆ ಹೂ ಮುದುಡಿದ ಮೇಲೆ ಪರದೆ ತೆಗೆಯಬಹುದು.

ಈಗ ಮುಖ್ಯವಾದ ಕೆಲಸ. ಇಡೀ ಕ್ಲಾಸು ಸಾಲಾಗಿ ಬಂದು ಕೆಂಪು ದಾರದ ಹೀಚಿಗೆ ಬೆರಳು ತೋರಿಸಲಿ. ಒಬ್ಬರೂ ಬಿಡಬಾರದು. ಬಿಳಿ ದಾರದ ಕಡೆ ಯಾರೂ ಬೆರಳು ಎತ್ತಬಾರದು. ಅಂದಾಜು ಏನಾಗುತ್ತೆ ಅಂತ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಲಿ. ಸಹಿ ಹಾಕಿಸೋದು ತಮಾಷೆಗಲ್ಲ. ಹಾಕಿದ ಮೇಲೆ ಯಾರಿಗೂ "ನಾನು ಹಂಗೆ ಅಂದಿರ್ಲಿಲ್ಲ" ಅನ್ನೋಕೆ ಆಗುವುದಿಲ್ಲ.

ನಾಲ್ಕೈದು ದಿನದಲ್ಲಿ ಬಿಳಿ ದಾರದ್ದು ಹಳದಿಯಾಗಿ ಸುಕ್ಕಾಗಿ ಕಳಚಿಬೀಳುತ್ತದೆ. ಕೆಂಪು ದಾರದ್ದು ದಿನದಿಂದ ದಿನಕ್ಕೆ ಊದುತ್ತದೆ. ದಾರದಿಂದಲೇ ಸುತ್ತಳತೆ ತೆಗೆದು ಸ್ಕೇಲಿಗೆ ಹಿಡಿದು ಬರೆಯಲಿ, ಗ್ರಾಫ್ ಪಾಠಕ್ಕೂ ಆಯಿತು. ಅಲ್ಲಿಗೆ ಬೆರಳಿನ ತಪ್ಪಿಲ್ಲ, ಪರಾಗದ್ದೇ ಕೆಲಸ ಅಂತ ಅವರೇ ತೀರ್ಮಾನಕ್ಕೆ ಬರುತ್ತಾರೆ. "ಹಂಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ?" ಅಂತ ಕೇಳಿಯೇ ಕೇಳುತ್ತಾರೆ. ನಾನು ಹೇಳೋದು ಇಷ್ಟು: ಪರಾಗ ಸಿಗದ ಹೀಚುಗಳು ಹೇಗೂ ಉದುರುತ್ತಿದ್ದವು. ಹಿಂದಿನ ದಿನ ಯಾರೋ ಬೆರಳು ತೋರಿಸಿದ್ದರೆ ಅಪವಾದ ಅವರಿಗೆ ಬಂತು. ಮಕ್ಕಳು ಎಳೆ ಹೀಚನ್ನು ಮುಟ್ಟಿ ಹಾಳು ಮಾಡದಿರಲಿ ಅಂತಲೂ ಅಜ್ಜಿ ಹಾಗೆ ಹೇಳಿರಬಹುದು.

ಒಂದು ಎಚ್ಚರಿಕೆ. ಬಳ್ಳಿಯಲ್ಲಿ ಆಗಲೇ ಎರಡು ಮೂರು ಕಾಯಿ ದಪ್ಪವಾಗುತ್ತಿದ್ದರೆ, ಪರಾಗ ಸರಿಯಾಗಿ ತಾಗಿದ ಹೀಚನ್ನೂ ಬಳ್ಳಿ ಉದುರಿಸಿಬಿಡುತ್ತದೆ. ಅಷ್ಟನ್ನೂ ಸಾಕುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಮೊದಮೊದಲ ಹೆಣ್ಣು ಹೂಗಳಲ್ಲೇ ಪ್ರಯೋಗ ಮಾಡಿ. ಕೆಂಪು ದಾರದ್ದು ಉದುರಿದರೂ ಮುಚ್ಚಿಡಬೇಡಿ, ಯಾಕೆ ಅಂತ ಮಕ್ಕಳ ಜೊತೆ ಕೂತು ಯೋಚಿಸಿ, ಮತ್ತೊಂದು ಹೂವಿಗೆ ಕಟ್ಟಿ.

ಪ್ರಯೋಗ ಮುಗಿದ ದಿನ ಕ್ಯಾಮರೇರಿಯಸ್ ಕಥೆ ಹೇಳೋಕೆ ಒಳ್ಳೆ ಸಮಯ. ಜರ್ಮನಿಯ ಈ ವೈದ್ಯ ಹರಳು ಗಿಡದ ಗಂಡು ಹೂಗಳನ್ನು ಕಿತ್ತುಹಾಕಿ ನೋಡಿದ. ಬೀಜ ಕಟ್ಟಲಿಲ್ಲ. ಗಿಡಗಳಲ್ಲೂ ಗಂಡು ಹೆಣ್ಣು ಇದೆ ಅಂತ 1694ರಲ್ಲಿ ಬರೆದ. "ನೀವು ಬಿಳಿ ದಾರ ಕಟ್ಟಿ ಮಾಡಿದ್ದೂ ಅದನ್ನೇ" ಅಂದರೆ ಮಕ್ಕಳಿಗೆ ಒಂಚೂರು ಜಂಬ ಬರುತ್ತದೆ. ಬರಲಿ ಬಿಡಿ.

ಪರಾಗ ಅಂಟಿದ ಮೇಲೆ

ಮಕ್ಕಳು ಅತಿ ಹೆಚ್ಚು ತಪ್ಪು ಮಾಡೋದು ಇಲ್ಲಿ. ಪರಾಗಸ್ಪರ್ಶ ಆಯಿತು ಅಂದರೆ ನಿಷೇಚನ, ಅಂದರೆ ಗಂಡು ಹೆಣ್ಣು ಕಣ ಕೂಡುವುದು, ಆಯಿತು ಅಂತಲೇ ಬರೆಯುತ್ತಾರೆ. ಪರಾಗ ತುದಿಗೆ ಬಂದು ಕೂತದ್ದು ಬಸ್‌ಸ್ಟ್ಯಾಂಡಿಗೆ ಬಂದ ಹಾಗೆ. ಮನೆ ಇನ್ನೂ ದೂರ ಇದೆ. ಕಣದಿಂದ ಒಂದು ಸಣ್ಣ ನಳಿಕೆ ಮೊಳೆತು, ಶಲಾಕೆಯೊಳಗೆ ಇಳಿದು, ಅಂಡಕ, ಅಂದರೆ ಬುಡದ ಗಂಟಿನೊಳಗೆ ಕಂಡ ಆ ಬಿಳಿ ಮಣಿ, ಮುಟ್ಟಿದ ಮೇಲೆಯೇ ನಿಷೇಚನದ ಮಾತು.

ಸೂಕ್ಷ್ಮದರ್ಶಕ ಇದ್ದರೆ ಇದನ್ನು ಕಣ್ಣಾರೆ ತೋರಿಸಬಹುದು. ಪಕ್ಕದ ಹೈಸ್ಕೂಲಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ ಆದರೂ ಆದೀತು. 50 ಮಿಲಿ ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸಕ್ಕರೆ ಕರಗಿಸಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ಆಗಷ್ಟೇ ಅರಳಿದ ಕರ್ಣಕುಂಡಲದ ಅಥವಾ ನಿತ್ಯಪುಷ್ಪದ ಪರಾಗ ಉದುರಿಸಿ. ಅರ್ಧ ಗಂಟೆ ಬಿಟ್ಟು ನೋಡಿ. ಕೆಲವು ಕಣಗಳಿಂದ ಬಾಲ ಬಂದಿರುತ್ತದೆ. ಕಾಣದಿದ್ದರೆ ಇನ್ನೊಂದು ಅರ್ಧ ಗಂಟೆ ಬಿಡಿ. ಹೂ ಹಳೆಯದಾದರೆ ಏನೂ ಬರುವುದಿಲ್ಲ, ಹಾಗಾಗಿ ಹಿಂದಿನ ದಿನ ನೀವೊಬ್ಬರೇ ಒಮ್ಮೆ ಮಾಡಿ ನೋಡಿಕೊಳ್ಳಿ.

ಬೀಜದೊಳಗೆ ಏನಿದೆ ಅನ್ನೋದಕ್ಕೆ ರಾತ್ರಿ ನೆನೆಹಾಕಿದ ಅವರೆಕಾಳು ಸಾಕು. ಸಿಪ್ಪೆ ಹಿಸುಕಿ, ಬೇಳೆ ಬಿಡಿಸಿದರೆ ಮೂಲೆಯಲ್ಲಿ ಪುಟ್ಟ ಗಿಡ ಮಡಚಿಕೊಂಡು ಕೂತಿರುತ್ತದೆ. ಹಿತಕಿದ ಅವರೆ ತಿಂದು ಬೆಳೆದ ಮಕ್ಕಳು ಇದನ್ನು ಸಾವಿರ ಸಲ ಹಿತುಕಿರುತ್ತಾರೆ.

ಕಡಲೆಕಾಯಿಯನ್ನು ಮಾತ್ರ ಮರೆಯಬೇಡಿ. ಮಣ್ಣಿನಲ್ಲಿ ಸಿಗುತ್ತೆ ಅಂತ ಅದನ್ನು ಬೇರು ಅಂತಲೇ ಮಕ್ಕಳು ತಿಳಿದಿರುತ್ತಾರೆ. ಶೇಂಗಾ ಬೆಳೆಯುವ ಚಳ್ಳಕೆರೆ, ಪಾವಗಡದ ಕಡೆಯ ಮಕ್ಕಳೂ ಸಹ. ಹೂ ಬಿಡುವುದು ನೆಲದ ಮೇಲೆ, ಹಳದಿ ಹೂ. ನಿಷೇಚನ ಆದ ಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಉದ್ದವಾಗಿ ನೆಲಕ್ಕೆ ಇಳಿದು, ಮಣ್ಣಿನೊಳಗೆ ಕಾಯಿ ಕಟ್ಟುತ್ತದೆ. ಒಂದು ಗಿಡ ಕಿತ್ತು ತಂದು, ಮಣ್ಣು ತೊಳೆದು, ಕಾಯಿಯಿಂದ ಮೇಲಕ್ಕೆ ಬೆರಳಾಡಿಸುತ್ತಾ ಬಂದರೆ ಅದು ಬೇರಿಗೆ ಸೇರುವುದಿಲ್ಲ, ಕಾಂಡಕ್ಕೆ ಸೇರುತ್ತದೆ. ಅಲ್ಲಿಗೆ ವಾದ ಮುಗಿಯಿತು.

ತರುವವರು ಯಾರು?

ಹತ್ತು ನಿಮಿಷ ಸುಮ್ಮನೆ ಒಂದು ಹೂವಿನ ಮುಂದೆ ಕೂರಿಸಿ. ಬಂದವರ ಪಟ್ಟಿ ಮಾಡಲಿ: ತುಡುವೆ ಜೇನು, ಕೋಲುಜೇನು, ಚಿಟ್ಟೆ, ಇರುವೆ, ದುಂಬಿ. ಹೆಸರು ಗೊತ್ತಿಲ್ಲದಿದ್ದರೆ "ಕಪ್ಪಗೆ ಹೊಳೆಯೋದು" ಅಂತ ಬರೆದರೂ ನಡೆಯುತ್ತೆ. ಹೆಜ್ಜೇನು ಗೂಡಿರುವ ಮರದ ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗಬೇಡಿ. ಜೇನು ಹೂವಿಗೆ ಸಹಾಯ ಮಾಡೋಕೆ ಬರುತ್ತದೆ ಅಂತ ನಾವೂ ಮಾತಿನ ಭರದಲ್ಲಿ ಹೇಳಿಬಿಡುತ್ತೇವೆ. ಅದು ಬರುವುದು ಮಕರಂದಕ್ಕೆ, ಪರಾಗ ತಿನ್ನೋಕೆ. ಮೈಗೆ ಅಂಟಿದ ಪುಡಿ ಮುಂದಿನ ಹೂವಿಗೆ ತಾಗುವುದು ಅದು ಬೇಕೆಂದು ಮಾಡುವ ಕೆಲಸವಲ್ಲ.

ಅತ್ತಿ ಹೂ ಕಂಡವರಿಲ್ಲ ಅಂತಾರಲ್ಲ, ಅದಕ್ಕೂ ಇಲ್ಲೇ ಜಾಗ. ನಾವು ಅತ್ತಿಕಾಯಿ ಅನ್ನುವುದರ ಒಳಗೋಡೆಯ ತುಂಬ ಇರುವುದೇ ಹೂ. ತುದಿಯ ಸಣ್ಣ ತೂತಿನಲ್ಲಿ ನುಸುಳಿಹೋಗುವ ಪುಟ್ಟ ಕಣಜ ಪರಾಗ ತರುತ್ತದೆ, ಒಳಗೇ ಮೊಟ್ಟೆ ಇಡುತ್ತದೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಕಾಣೋದು ಅದಕ್ಕೇ.

ಇನ್ನೊಂದು ಕಥೆ ವೆನಿಲ್ಲಾದ್ದು. ಮೂಲ ಮೆಕ್ಸಿಕೋ ಕಡೆಯ ಬಳ್ಳಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದು ನೆಟ್ಟಾಗ ಹೂ ಬಿಟ್ಟರೂ ಕೋಡು ಕಟ್ಟಲಿಲ್ಲ. ಪರಾಗ ಮುಟ್ಟಿಸುವ ಜೇನು ಅಲ್ಲಿರಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ ಗುಲಾಮ ಹುಡುಗ ಒಂದು ಕಡ್ಡಿಯಿಂದ ಹೂವಿನ ನಡುವಿನ ಪರೆ ಎತ್ತಿ, ಹೆಬ್ಬೆರಳಿಂದ ಪರಾಗ ಒತ್ತಿದ. ಕೋಡು ಬಂತು. ಆಗ ಅವನಿಗೆ ಹನ್ನೆರಡು ವರ್ಷ. ನಮ್ಮ ಮಲೆನಾಡಿನ ತೋಟಗಳಲ್ಲಿ ವೆನಿಲ್ಲಾ ಬೆಳೆದವರೂ ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಮಾಡಿದ್ದು ಇದನ್ನೇ. ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿ ನೋಡಿ, ಹನ್ನೆರಡು ವರ್ಷ ಅಂದ ತಕ್ಷಣ ಬೆನ್ನು ನೆಟ್ಟಗಾಗುತ್ತದೆ.

ಬೀಜ ಪ್ರಸಾರಕ್ಕೆ ಜಾಸ್ತಿ ಹೊತ್ತು ಕೊಡಬೇಕಿಲ್ಲ, ಅದು ಆಟ. ಎಕ್ಕದ ಬೀಜ ಊದಲಿ, ಮೈದಾನದಲ್ಲಿ ಓಡಿ ಬಂದು ಲಂಗ, ಪ್ಯಾಂಟಿಗೆ ಅಂಟಿದ ಉತ್ತರಾಣಿ ಎಣಿಸಲಿ, ಬಲಿತ ಕರ್ಣಕುಂಡಲದ ಕಾಯಿ ಹಿಸುಕಿ ಸಿಡಿಸಲಿ.

ಬೀಜ ಇಲ್ಲದೆಯೂ

ದಾಸವಾಳಕ್ಕೆ ಈಗ ವಾಪಸ್ ಬನ್ನಿ. ಕಾಯಿ ಇಲ್ಲದ ಗಿಡ ಊರೆಲ್ಲ ಹೇಗೆ ಹಬ್ಬಿತು ಅಂತ ಕೇಳಿ. ಕಡ್ಡಿ ನೆಟ್ಟು! ಕನಕಾಂಬರ, ನುಗ್ಗೆ, ವೀಳ್ಯದೆಲೆ, ಕಬ್ಬು. ಪಟ್ಟಿ ಮಕ್ಕಳೇ ಬೆಳೆಸುತ್ತಾರೆ. ಕಾಡುಬಸಳೆಯ ಒಂದು ಎಲೆಯನ್ನು ದಾರ ಕಟ್ಟಿ ಕಿಟಕಿಗೆ ನೇತುಹಾಕಿ. ಮಣ್ಣಿಲ್ಲ, ನೀರಿಲ್ಲ, ಆದರೂ ಕೆಲವೇ ದಿನಕ್ಕೆ ಅಂಚಿನ ಕಚ್ಚುಗಳಲ್ಲಿ ಪುಟ್ಟ ಗಿಡಗಳು ಏಳುತ್ತವೆ. ಆಲೂಗಡ್ಡೆಯನ್ನು ಕಣ್ಣಿರುವ ತುಂಡು, ಕಣ್ಣಿಲ್ಲದ ತುಂಡು ಅಂತ ಮಾಡಿ ಎರಡು ಡಬ್ಬಿಯಲ್ಲಿ ನೆಡಿ. ಕಣ್ಣಿಲ್ಲದ್ದು ಕೊಳೆಯುತ್ತದೆ. ಜರೀಗಿಡದ ಎಲೆಯ ಹಿಂದಿನ ಕಂದು ಚುಕ್ಕಿ, ಒದ್ದೆ ಬ್ರೆಡ್ಡಿನ ಬೂಸ್ಟು, ಬೆಚ್ಚನೆ ಸಕ್ಕರೆ ನೀರಿನ ಯೀಸ್ಟು ಇವೆಲ್ಲ ಒಂದೇ ಪೀರಿಯಡ್ಡಿನಲ್ಲಿ ಮುಗಿಸಬಹುದು.

ಇಲ್ಲೊಬ್ಬ ಜಾಣ ಕೇಳುತ್ತಾನೆ: "ಕಡ್ಡಿ ನೆಟ್ರೆ ಸಾಕು ಅಂದ್ಮೇಲೆ ಹೂ, ಜೇನು, ಇಷ್ಟೆಲ್ಲ ಯಾಕೆ ಮಿಸ್?" ನಿಜಕ್ಕೂ ದೊಡ್ಡ ಪ್ರಶ್ನೆ. ಬಾಳೆ ತೋರಿಸಿ. ಹಣ್ಣಿನ ನಡುವಿನ ಕಪ್ಪು ಚುಕ್ಕಿಗಳು ಬೀಜವಾಗದೆ ಉಳಿದ ಅಂಡಕಗಳು. ಕಾಡಿನ ಕಲ್ಲುಬಾಳೆಯಲ್ಲಿ ಗಟ್ಟಿ ಬೀಜ ಇರುತ್ತದೆ, ತೋಟದ ಬಾಳೆಯಲ್ಲಿಲ್ಲ. ಕಂದು ಕಿತ್ತು ನೆಡುತ್ತಾ ಬಂದದ್ದರಿಂದ ಒಂದು ತಳಿಯ ಗಿಡಗಳೆಲ್ಲ ಒಂದೇ ಗಿಡದ ನಕಲು ಇದ್ದಂತೆ. ಒಂದಕ್ಕೆ ರೋಗ ತಡೆಯುವ ಶಕ್ತಿ ಇಲ್ಲ ಅಂದರೆ ಯಾವುದಕ್ಕೂ ಇಲ್ಲ. ನಂಜನಗೂಡು ರಸಬಾಳೆಯ ತೋಟಗಳನ್ನು ಪನಾಮಾ ಸೊರಗು ರೋಗ ಹಾಳುಗೆಡವಿದ್ದು ಹೀಗೇ. ಬೀಜದಿಂದ ಬಂದ ಗಿಡಗಳಲ್ಲಿ ಅಪ್ಪ ಅಮ್ಮ ಇಬ್ಬರ ಗುಣವೂ ಬೇರೆ ಬೇರೆ ರೀತಿ ಬೆರೆತಿರುತ್ತದೆ, ಕೆಲವಾದರೂ ಉಳಿದಾವು. ಮಾವಿನ ಓಟೆ ನೆಟ್ಟರೆ ಅದೇ ರುಚಿಯ ಹಣ್ಣು ಬರುತ್ತೆ ಅಂತ ನೆಚ್ಚುವ ಹಾಗಿಲ್ಲ, ಕಸಿ ಯಾಕೆ ಕಟ್ಟುತ್ತಾರೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ.

ಪರೀಕ್ಷೆಗೆ ಏನು ಕೇಳೋದು

ಚಿತ್ರ ಬರೆದು ಭಾಗ ಗುರುತಿಸಿ ಅನ್ನೋದು ಇರಲಿ, ಎರಡು ಅಂಕಕ್ಕೆ. ಉಳಿದದ್ದಕ್ಕೆ ನಾನು ಕೇಳುವುದು ಇಂಥವು. ರಂಗಪ್ಪನ ಕುಂಬಳ ಬಳ್ಳಿಯಲ್ಲಿ ಹೂ ತುಂಬ ಇದೆ, ಕಾಯಿ ಒಂದೂ ಇಲ್ಲ. ಮೂರು ಕಾರಣ ಊಹಿಸಿ. ಮೆಕ್ಕೆಜೋಳದ ತೆನೆಯಲ್ಲಿ ಅರ್ಧ ಕಾಳಿಲ್ಲ, ಹೂ ಬಿಡುವಾಗ ಒಂದು ವಾರ ಬಿಡದೆ ಮಳೆ ಹೊಯ್ದಿತ್ತು. ಇವೆರಡಕ್ಕೂ ಸಂಬಂಧ ಇರಬಹುದೇ? ಪುಸ್ತಕ ತೆರೆದಿಟ್ಟುಕೊಂಡೇ ಬರೆಯಿರಿ ಅಂದರೂ ತೊಂದರೆ ಇಲ್ಲ, ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ.

ಕೆಂಪು ದಾರದ ಕುಂಬಳವನ್ನು ಎಳೆಯದಿದ್ದಾಗ ಕೀಳಬೇಡಿ. ತೊಟ್ಟು ಒಣಗಿ ಗಟ್ಟಿಯಾಗುವವರೆಗೆ ಬಳ್ಳಿಯಲ್ಲೇ ಇರಲಿ. ಕಳೆದ ವರ್ಷ ಮೂವತ್ತೆರಡು ಮಕ್ಕಳು ಬೆರಳು ತೋರಿಸಿದ ಕಾಯಿ ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಬಲಿತಿತ್ತು. ಅಡುಗೆ ಅಕ್ಕ ಹೆಚ್ಚುವಾಗ ಎಲ್ಲರೂ ಸುತ್ತ ನಿಂತಿದ್ದರು. ತಿರುಳು ಸಾಂಬಾರಿಗೆ ಹೋಯಿತು. ಬೀಜ ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಲಕೋಟೆಗೆ ಹಾಕಿ, ಮೇಲೆ "ಬೆರಳು ತೋರಿಸಿದ ಕುಂಬಳ" ಅಂತ ಬರೆದು ಬೀರುವಿನಲ್ಲಿಟ್ಟಿದ್ದೇವೆ. ಜೂನ್‌ಗೆ ಆರನೇ ಕ್ಲಾಸಿನವರು ಮೇಲೆ ಬರುತ್ತಾರೆ.